ಪ್ಯಾಕೆಟ್ಟಿನೊಳಗೆ ಜೀವವಿದೆ

ರೈತ ಬಾಂಧವರಿಗೆ, ರೈತ ಮಹಿಳೆಯರಿಗೆ ನಮಸ್ಕಾರ.

ತೊಗರಿ, ಸೋಯಾ, ಶೇಂಗಾ ಬೀಜಕ್ಕೆ ಹಚ್ಚುವ ರೈಜೋಬಿಯಂ ಪುಡಿಯ ಬಗ್ಗೆ ಈ ಹೊತ್ತು ಮಾತಾಡೋಣ. ರೈಜೋಬಿಯಂ ಎಂದರೆ ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ. ಒಂದೇ ಮಾತು ನೆನಪಿಟ್ಟರೂ ಸಾಕು: ಆ ಕಪ್ಪು ಪುಡಿಯೊಳಗೆ ಇರುವುದು ಜೀವ. ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ ಬ್ಯಾಕ್ಟೀರಿಯಾ ಬದುಕಿರಬೇಕು ಎಂದು ಸರ್ಕಾರದ ರಸಗೊಬ್ಬರ ನಿಯಂತ್ರಣ ಆದೇಶವೇ ಹೇಳುತ್ತದೆ.

ದ್ವಿದಳ ಬೆಳೆಗೆ ಸಾರಜನಕ ಸಿಗುವುದು ಇಂಥ ಜೀವಿಗಳಿಂದ ಎಂದು ಮೊದಲು ಸ್ಪಷ್ಟವಾಗಿ ತೋರಿಸಿದವರು ಜರ್ಮನಿಯ ಬರ್ನ್‌ಬರ್ಗ್‌ನಲ್ಲಿದ್ದ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಥ್ ಎಂಬ ವಿಜ್ಞಾನಿಗಳು. ಎಂಥ ಸೊಗಸಾದ ಪ್ರಯೋಗ ನೋಡಿ. ಕುಂಡಗಳಿಗೆ ಬರೀ ಮರಳು ತುಂಬಿದರು. ಓಟ್ಸ್, ಬಾರ್ಲಿ ಸಾರಜನಕ ಕೊಟ್ಟಷ್ಟೇ ಬೆಳೆದವು. ಬಟಾಣಿ ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಸಾರಜನಕ ಕೊಡದ ಕುಂಡಗಳಲ್ಲೇ ಒಂದು ಹಳದಿಯಾಗಿ ಸೊರಗಿದರೆ ಇನ್ನೊಂದು ಹಚ್ಚಗೆ ಎದ್ದು ನಿಂತಿತು. ಮರಳನ್ನು ಕಾಯಿಸಿ, ಅದರಲ್ಲಿದ್ದ ಸೂಕ್ಷ್ಮಜೀವಿಗಳನ್ನು ಕೊಂದು ಬಿತ್ತಿದಾಗ ಬಟಾಣಿಯೆಲ್ಲ ಸೊರಗಿತು. ಅಂಥ ಮರಳಿಗೆ ಹೊಲದ ಮಣ್ಣು ಕಲಸಿದ ನೀರು ಒಂದಿಷ್ಟು ಹಾಕಿದರು. ಬೇರಿನಲ್ಲಿ ಗಂಟು ಕಟ್ಟಿತು, ಬಟಾಣಿ ಚಿಗುರಿತು. ಅದೇ ನೀರನ್ನು ಕುದಿಸಿ ಹಾಕಿದರು. ಗಂಟೂ ಇಲ್ಲ, ಹಸಿರೂ ಇಲ್ಲ! ಲೂಪಿನ್ ಎಂಬ ಇನ್ನೊಂದು ದ್ವಿದಳ ಬೆಳೆಗೆ ಲೂಪಿನ್ ಬೆಳೆದ ಹೊಲದ ಮಣ್ಣೇ ಬೇಕಾಯಿತು. 1886ರಲ್ಲಿ ಬರ್ಲಿನ್ನಿನ ಸಭೆಯಲ್ಲಿ ಹೆಲ್‌ರೀಗೆಲ್ ಇದನ್ನು ಮುಂದಿಟ್ಟರು. 1888ರಲ್ಲಿ ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಬೈಯರಿಂಕ್ ಎಂಬವರು ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನೇ ಬೇರ್ಪಡಿಸಿ ಬೆಳೆಸಿದರು.

ಈಗ ನಮ್ಮ ಹೊಲಕ್ಕೆ ಬನ್ನಿ. "ಪುಡಿ ಹಚ್ಚಿದ್ದೆವು ಸರ್, ಏನೂ ಆಗಲಿಲ್ಲ" ಎನ್ನುವವರು ಬಹಳ. ಪ್ಯಾಕೆಟ್ಟನ್ನು ಎಲ್ಲಿಟ್ಟಿದ್ದಿರಿ? ಟ್ರ್ಯಾಕ್ಟರ್ ಮೇಲೆ, ಬಿಸಿಲಲ್ಲಿ? ಹಾಗಾದರೆ ನೀವು ಹಚ್ಚಿದ್ದು ಹೆಲ್‌ರೀಗೆಲ್ ಕುದಿಸಿದ ನೀರನ್ನೇ. ತೊಗರಿಯ ಪ್ಯಾಕೆಟ್ ಸೋಯಾಗೆ ಬಳಸಿದರೂ ಕೆಲಸ ಆಗದು. ಕೊಳ್ಳುವಾಗ ಬೆಳೆಯ ಹೆಸರು, ಅವಧಿ ಮುಗಿಯುವ ತಾರೀಖು ಎರಡನ್ನೂ ಓದಿ.

ಹಚ್ಚುವ ಕ್ರಮ ಹೀಗೆ. 10 ಕಿಲೋ ಬೀಜಕ್ಕೆ 200 ಗ್ರಾಂ ಪುಡಿ, ಅಂದರೆ ಒಂದು ಪ್ಯಾಕೆಟ್. 40 ಗ್ರಾಂ ಬೆಲ್ಲವನ್ನು 400 ಮಿಲಿಲೀಟರ್ ನೀರಲ್ಲಿ ಕುದಿಸಿ, ಪೂರ್ತಿ ಆರಿಸಿ. ಪೂರ್ತಿ ಎಂದೆ, ಬೆಚ್ಚಗಿದ್ದಾಗಲೇ ಪುಡಿ ಹಾಕುವ ಅವಸರ ಬೇಡ, ಅದು ಜೀವ. ತಣ್ಣಗಾದ ಮೇಲೆ ಪುಡಿ ಕಲಸಿ, ತಾಡಪತ್ರಿಯ ಮೇಲೆ ಹರಡಿದ ಬೀಜಕ್ಕೆ ಚಿಮುಕಿಸಿ, ಪ್ರತಿ ಕಾಳಿಗೂ ಅಂಟುವಂತೆ ಹಗುರವಾಗಿ ಹೊರಳಾಡಿಸಿ. ಸೋಯಾ, ಶೇಂಗಾ ಬೀಜದ ಸಿಪ್ಪೆ ಬಲು ತೆಳು. ಉಜ್ಜಿದರೆ ಸುಲಿದು ಮೊಳಕೆಯೇ ಕೆಡುತ್ತದೆ. ಅವಕ್ಕೆ ದ್ರಾವಣವನ್ನೂ ಕಡಿಮೆ ಮಾಡಿ. ನೆರಳಲ್ಲಿ ಅರ್ಧ ಗಂಟೆ ಆರಿಸಿ, ಅಂದೇ ಬಿತ್ತಿ. ಸೋಯಾ ಎಕರೆಗೆ 30 ಕಿಲೋ ಬಿತ್ತುವವರು ಒಂದೇ ಪ್ಯಾಕೆಟ್ಟಿನಲ್ಲಿ ಮುಗಿಸುತ್ತಾರೆ; ಮೂರು ಬೇಕು.

ಹೊತ್ತು ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು. ಒಣಗಿದ ಮೇಲೆ ಕೊನೆಗೆ ರೈಜೋಬಿಯಂ. ಹಚ್ಚಿದ ಬೀಜವನ್ನು ಡಿಎಪಿ ರಸಗೊಬ್ಬರದ ಜೊತೆ ಬೆರೆಸಬೇಡಿ, ಗೊಬ್ಬರದ ಉಪ್ಪಿನಂಶ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. 50 ಕಿಲೋ ಡಿಎಪಿಯಲ್ಲೇ 9 ಕಿಲೋ ಸಾರಜನಕವಿದೆ, ಆರಂಭಕ್ಕೆ ಎಕರೆಗೆ ಅಷ್ಟು ಸಾಕು. ಮೇಲೆ ಯೂರಿಯಾ ಸುರಿದರೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗದು.

ಫಲ ನೋಡಬೇಕೆ? ಬಿತ್ತಿದ 40 ದಿನಕ್ಕೆ ನಾಲ್ಕಾರು ಗಿಡಗಳನ್ನು ಕೀಳದೆ ಸಲಿಕೆಯಿಂದ ಅಗೆದು ತೆಗೆಯಿರಿ. ಕಿತ್ತರೆ ಗಂಟೆಲ್ಲ ಮಣ್ಣಲ್ಲೇ ಉಳಿಯುತ್ತದೆ. ಬೇರು ತೊಳೆದು, ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣವಿದ್ದರೆ ಗಾಳಿಯ ಸಾರಜನಕ ನಿಮ್ಮ ಬೆಳೆಗೆ ಸಿಗುತ್ತಿದೆ. ಬಿಳಿಯೋ ಹಸಿರೋ ಇದ್ದರೆ ಆ ಗಂಟು ದುಡಿಯುತ್ತಿಲ್ಲ. ಗಿಡವನ್ನು ಹಾಗೇ ಕೃಷಿ ವಿಜ್ಞಾನ ಕೇಂದ್ರಕ್ಕೆ ತಂದು ತೋರಿಸಿ. ನಮಸ್ಕಾರ.