ಬಾಣಂತನದ ಗಂಟು ವಿಮಾನ ಹತ್ತಿದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಮಗಳು ಬಸುರಿ ಅಂತ ಗೊತ್ತಾದ ಕೂಡಲೇ ತಾಯಿ ಬಾಣಂತನದ ಸಾಮಾನಿನ ಲೆಕ್ಕ ಹಾಕಲು ಶುರು ಮಾಡುತ್ತಾಳೆ. ತಿನ್ನುವ ಅಂಟು, ಅಳವಿ ಬೀಜ, ಉತ್ತತ್ತಿ, ಕೊಬ್ಬರಿ, ಕಸಕಸಿ, ಒಣಶುಂಠಿ, ಹಿಪ್ಪಲಿ, ಅಜವಾನ. ಕೂಸಿಗೆ ತೇದು ನೆಕ್ಕಿಸಲು ಬಜೆ, ಜಾಜಿಕಾಯಿ, ಅಳಲೆಕಾಯಿ. ಹಿಂದೆ ಮಗಳು ತವರಿಗೆ ಬರುತ್ತಿದ್ದಳು. ಈಗ ತವರೇ ವಿಮಾನ ಹತ್ತಿ ಮಗಳ ಹತ್ತಿರ ಹೋಗಬೇಕು. ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಹೀಗೆ ಹೋಗಿ ಬಂದ ತಾಯಂದಿರು ಬಹಳ ಜನ ಇದ್ದಾರೆ. ನಾನೂ ಎರಡು ಸಲ ಹೋಗಿ ಬಂದೆ. ದೊಡ್ಡ ಮಗಳು ಮೆಲ್ಬರ್ನ್‌ನಲ್ಲಿ, ಸಣ್ಣವಳು ದುಬೈನಲ್ಲಿ.

ನನ್ನ ಅವ್ವನ ಊರು ಗದಗ ಜಿಲ್ಲೆಯಲ್ಲಿ, ಔಷಧಿ ಗಿಡಗಳಿಗೆ ಹೆಸರಾದ ಕಪ್ಪತಗುಡ್ಡದ ಮಗ್ಗುಲಿಗೆ. ನಾರುಬೇರನ್ನು ಮೂಸಿ ನೋಡಿಯೇ ಇದು ಇಂಥದ್ದು ಅಂತ ಹೇಳುತ್ತಾಳೆ. ಮೆಲ್ಬರ್ನ್‌ಗೆ ಹೊರಟಾಗ ಹಳೆಯ ಸೀರೆಯ ತುಂಡುಗಳಲ್ಲಿ ಹನ್ನೊಂದು ಗಂಟು ಕಟ್ಟಿಕೊಟ್ಟಳು. ಒಂದರ ಮೇಲೂ ಹೆಸರಿಲ್ಲ. ಅವಳಿಗೆ ಹೆಸರು ಬರೆಯುವ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ, ಅಲ್ವಾ?

ಆಸ್ಟ್ರೇಲಿಯಾಕ್ಕೆ ಹೋಗುವ ವಿಮಾನದಲ್ಲಿ ಒಂದು ಚೀಟಿ ಕೊಡುತ್ತಾರೆ. ಆಹಾರ, ಬೀಜ, ಗಿಡಮೂಲಿಕೆ, ನಾಟಿ ಔಷಧ ತಂದಿದ್ದೀರಾ ಅಂತ ಅದರಲ್ಲಿ ಕೇಳಿರುತ್ತಾರೆ. ಪಕ್ಕದ ಸೀಟಿನವರು, ‘ಸುಮ್ನೆ ಇಲ್ಲ ಅಂತ ಬರೀರಿ, ಯಾರೂ ನೋಡೋದಿಲ್ಲ’ ಎಂದರು. ಆದರೆ ಅಳಿಯ ಫೋನಿನಲ್ಲಿ ಮೊದಲೇ ಹೇಳಿದ್ದರು: ‘ಅತ್ತಿಯವರೇ, ಏನೇ ಇರಲಿ, ಹೌದು ಅಂತ ಬರೀರಿ.’ ನಾನು ಹೌದು ಅಂತಲೇ ಬರೆದೆ.

ಅಲ್ಲಿ ಇಳಿದ ಮೇಲೆ ಒಬ್ಬ ಹೆಣ್ಣುಮಗಳು ಹನ್ನೊಂದೂ ಗಂಟು ಬಿಚ್ಚಿಸಿದಳು. ಪ್ರತಿ ಗಂಟಿಗೂ ಇದೇನು, ಯಾವ ಗಿಡ, ಬೇರೋ ತೊಗಟೆಯೋ ಅಂತ ಕೇಳಿದಳು. ನನಗೆ ಹಿಪ್ಪಲಿಯ ಇಂಗ್ಲಿಷ್ ಹೆಸರೇ ಹೊಳೆಯಲಿಲ್ಲ. ಅಷ್ಟು ಚೆನ್ನಾಗಿ ಗೊತ್ತಿದ್ದ ವಸ್ತುಗಳ ಮುಂದೆ ಮೂಕಿಯಾಗಿ ನಿಂತೆ. ಅಳವಿ ಹೋಯಿತು. ಗುರುತು ಹೇಳಲಾಗದ ಎರಡು ಬೇರು ಹೋದವು. ಹುರಿದು ಪುಡಿ ಮಾಡಿದ ಶುಂಠಿಯನ್ನು, ಅಂಟನ್ನು ವಾಪಸು ಕೊಟ್ಟಳು. ಮೊದಲೇ ಹೇಳಿದ್ದರಿಂದ ದಂಡ ಬೀಳಲಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದವರಿಗೆ ಅಲ್ಲಿ ದೊಡ್ಡ ದಂಡವಿದೆ.

ಆಗ ನನಗೆ ಬಹಳ ಸಿಟ್ಟು ಬಂದಿತ್ತು. ಆಮೇಲೆ ವಿಚಾರ ಮಾಡಿದೆ. ಅಳವಿ ಅಂದರೆ ನೀರು ತಾಕಿದರೆ ಮೊಳೆಯುವ ಬೀಜ. ನಮ್ಮ ಹೊಲದ ಬದುಗಳಲ್ಲಿ ತುಂಬಿಕೊಂಡಿರುವ ಕಾಂಗ್ರೆಸ್ ಕಸವೂ ಅಮೆರಿಕ ಖಂಡದಿಂದ ಬಂದು ಇಲ್ಲಿ ಬೇರೂರಿದ್ದೇ. ಅದನ್ನು ಕಿತ್ತು ಕಿತ್ತು ಕೈ ತುರಿಸಿಕೊಂಡ ರೈತರಿಗೆ ಆ ಹೆಣ್ಣುಮಗಳ ಎಚ್ಚರ ನನಗಿಂತ ಬೇಗ ಅರ್ಥವಾದೀತು.

ಅದೇ ಪ್ರಯಾಣದಲ್ಲಿ ದಶಮೂಲಾರಿಷ್ಟದ ಬಾಟಲಿ ಸೋರಿ ಮಗಳ ಎರಡು ಸೀರೆ ಹಾಳಾದವು. ತಪ್ಪು ನನ್ನದೇ, ಸಣ್ಣ ಬಾಟಲಿಗೆ ಕಂಠಮಟ್ಟ ತುಂಬಿದ್ದೆ. ಹಾರುವ ವಿಮಾನದ ಒಳಗೆ ಗಾಳಿಯ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯುತ್ತದೆ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್. ಬಾಟಲಿಯೊಳಗಿನ ಗಾಳಿ ಹಿಗ್ಗಿ ಔಷಧವನ್ನು ಹೊರಗೆ ತಳ್ಳುತ್ತದೆ. ಸ್ವಲ್ಪ ಜಾಗ ಬಿಟ್ಟು, ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ದೊಡ್ಡ ಸೂಟ್‌ಕೇಸಿನಲ್ಲಿ ಇಡಿ. ಕೈಚೀಲದಲ್ಲಿ ಎಣ್ಣೆ, ಕಷಾಯ, ನೋವಿನ ಮುಲಾಮು ಯಾವುದೇ ಇರಲಿ, 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ. ಇನ್ನೊಂದು ಮಾತು. ಅರಿಷ್ಟ, ಆಸವಗಳು ಹುಳಿಯುವಾಗ ಅವುಗಳಲ್ಲಿ ತಾನಾಗಿಯೇ ಮದ್ಯಸಾರ ಹುಟ್ಟುತ್ತದೆ. ಮದ್ಯ ನಿಷೇಧವಿರುವ ಕುವೈತ್‌ನಂಥ ದೇಶಕ್ಕೆ ಅದನ್ನು ಒಯ್ಯಲೇಬೇಡಿ.

ಈಗ ದುಬೈ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಎರಡು ಡಬ್ಬಿ ಅಂಟಿನ ಉಂಡೆ ಕಟ್ಟಿ ಇಟ್ಟಿದ್ದೆ. ಹೊರಡುವ ಎರಡು ದಿನ ಮೊದಲು, ಅಲ್ಲಿ ಕೆಲಸ ಮಾಡಿ ಬಂದ ಪಕ್ಕದ ಮನೆಯ ಹುಡುಗ, ‘ಕಾಕೂ, ಇದರಲ್ಲಿ ಕಸಕಸಿ ಹಾಕೀರೇನು?’ ಅಂತ ಕೇಳಿದ. ಹಾಕಿದ್ದೆ. ಕಸಕಸಿ ಇಲ್ಲದೆ ಅಂಟಿನ ಉಂಡೆ ಹೇಗೆ? ಆದರೆ ಕಸಕಸಿ ಅಫೀಮು ಗಿಡದ ಬೀಜ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ, ಸಿಂಗಪುರದಲ್ಲಿ ಅದಕ್ಕೆ ನಿಷೇಧವಿದೆ. ಅಲ್ಲಿ ಇದು ಮಾದಕ ವಸ್ತುವಿನ ಮೊಕದ್ದಮೆ. ನನ್ನ ಎದೆ ಧಸಕ್ಕೆಂದಿತು. ಉಂಡೆಯನ್ನೆಲ್ಲ ಓಣಿಗೆ ಹಂಚಿ, ರಾತ್ರಿ ಕುಳಿತು ಕಸಕಸಿ ಇಲ್ಲದೆ ಮತ್ತೆ ಕಟ್ಟಿದೆ. ಡಬ್ಬಿ, ಮಿಕ್ಸರ್ ಎರಡನ್ನೂ ಮೂರು ಸಲ ತೊಳೆದೆ.

ಒಣ ಕೊಬ್ಬರಿ ಬಟ್ಟಲು, ಕರ್ಪೂರ ಇವೂ ಮನೆಯಲ್ಲೇ ಇರಲಿ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ವಿಮಾನಕ್ಕೆ ಬಿಡುವುದಿಲ್ಲ. ಊತಕ್ಕೆ ತೇದು ಹಚ್ಚುವ ರಕ್ತಚಂದನದ ಕೊರಡನ್ನೂ ಒಯ್ಯಬೇಡಿ, ಆ ಮರದ ಸಾಗಾಟಕ್ಕೆ ಕಟ್ಟುನಿಟ್ಟಿನ ಕಾನೂನಿದೆ.

ಭಸ್ಮಗಳ, ಅಂದರೆ ಲೋಹ, ಖನಿಜ ಸುಟ್ಟು ಮಾಡಿದ ಆಯುರ್ವೇದದ ಪುಡಿಗಳ ಬಗ್ಗೆ ನನಗೆ ನಿಜವಾಗಿಯೂ ಆತಂಕವಿದೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೋಸ್ಟನ್ ಸುತ್ತಮುತ್ತಲಿನ ಅಂಗಡಿಗಳಿಂದ ತಂದ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದ್ದರು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೀಸ ತಾಯಿಯ ಹಾಲಿಗೂ ಇಳಿಯುತ್ತದೆ. ಆದ್ದರಿಂದ ಏನು ಬೆರೆಸಿದ್ದಾರೆ ಅಂತ ತಿಳಿಯದ ಪುಡಿಯನ್ನು ಬಾಣಂತಿಗೆ ಕೊಡಬೇಡಿ. ಬಜೆಯನ್ನು ಆಹಾರದಲ್ಲಿ ಬಳಸುವುದಕ್ಕೆ ಅಮೆರಿಕದಲ್ಲಿ 1968ರಿಂದಲೇ ನಿಷೇಧವಿದೆ. ಒಂದು ವರ್ಷದೊಳಗಿನ ಕೂಸಿಗೆ ಜೇನು ಬೇಡ ಅಂತ ಮಕ್ಕಳ ವೈದ್ಯರು ಎಲ್ಲ ಕಡೆ ಹೇಳುತ್ತಾರೆ. ಅವ್ವನಿಗೆ ಇದನ್ನು ಹೇಳುವುದು ನನಗೆ ಸುಲಭವಾಗಲಿಲ್ಲ. ‘ನಿನಗೂ ಅದನ್ನೇ ನೆಕ್ಕಿಸಿದ್ದೆ’ ಎಂದಳು. ಬಹಳ ಹೊತ್ತು ಸುಮ್ಮನಿದ್ದಳು.

ಮುಂದಿನ ತಿಂಗಳು ನನ್ನ ತಂಗಿ ತನ್ನ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದಾಳೆ. ಹುಬ್ಬಳ್ಳಿಯಿಂದ ಬೆಂಗಳೂರು, ಅಲ್ಲಿಂದ ಮುಂದೆ. ಅಲ್ಲಿಗೆ ಹೋಗುವ ವಿಮಾನದ ಕೈಚೀಲದಲ್ಲಿ 350 ಮಿಲಿಲೀಟರಿಗಿಂತ ಜಾಸ್ತಿ ಪುಡಿ ಇದ್ದರೆ ತೆಗೆಸಿ ತಪಾಸಣೆ ಮಾಡುತ್ತಾರೆ. ಹಾಗಾಗಿ ಪುಡಿಗಳೆಲ್ಲ ದೊಡ್ಡ ಪೆಟ್ಟಿಗೆಯಲ್ಲಿ. ಮಗಳ ವೈದ್ಯರಿಗೆ ಪಟ್ಟಿ ಮೊದಲೇ ಕಳಿಸಿದ್ದೇವೆ, ಅವರು ಬೇಡ ಎಂದದ್ದನ್ನು ತೆಗೆದಿದ್ದೇವೆ. ಅಲ್ಲಿನ ಅಧಿಕಾರಿಗಳಿಗೆ ತೋರಿಸಲು ಅದೇ ಪಟ್ಟಿಯ ಇನ್ನೊಂದು ಪ್ರತಿ ಕೈಚೀಲದಲ್ಲಿದೆ.

ಮೊನ್ನೆ ಅವ್ವ, ನಾನು, ತಂಗಿ ಮೂವರೂ ಕುಳಿತು ಪೊಟ್ಟಣ ಕಟ್ಟಿದೆವು. ಅವ್ವ ಒಂದೊಂದನ್ನೇ ಮೂಸಿ ಹೆಸರು ಹೇಳಿದಳು. ನಾನು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಸಸ್ಯಶಾಸ್ತ್ರದ ಹೆಸರಿನಲ್ಲಿ ಬರೆದು ಅಂಟಿಸಿದೆ. ಹಿಪ್ಪಲಿಯ ಪೊಟ್ಟಣದ ಮೇಲೆ ‘ಪೈಪರ್ ಲಾಂಗಮ್’ ಅಂತ ಓದಿ ಹೇಳಿದಾಗ ಅವ್ವ ಅದನ್ನು ಎರಡು ಸಲ ತಾನೂ ಹೇಳಿ ನೋಡಿದಳು.

ನಮಸ್ಕಾರ.