51 ಗೋಲು ಹೊಡೆದೂ ಕೆಳಗಿಳಿದ ತಂಡ

ಹಿರಿಯರಿಗೆ, ಗೆಳೆಯರಿಗೆ, ಹಿಂದಿನ ಸಾಲಿನಲ್ಲಿ ಜೆರ್ಸಿ ಹಾಕಿಕೊಂಡೇ ಬಂದು ಕೂತಿರುವ ಹುಡುಗರಿಗೆ, ಎಲ್ಲರಿಗೂ ನಮಸ್ಕಾರ.

ಕೊಡಗಿನಲ್ಲಿ ಫುಟ್ಬಾಲ್ ಬಗ್ಗೆ ಭಾಷಣ ಮಾಡೋದಕ್ಕೆ ಯಾರಿಗಾದರೂ ಸ್ವಲ್ಪ ಅಳುಕು ಇರುತ್ತದೆ. ಇದು ಹಾಕಿಯ ನಾಡು. ಆದರೆ ಸುಂಟಿಕೊಪ್ಪದಲ್ಲಿ ಆ ಅಳುಕು ಬೇಕಿಲ್ಲ ಅಲ್ವಾ? ಗೋಲ್ಡ್ ಕಪ್ ನಡೆಯುವ ದಿನಗಳಲ್ಲಿ ಈ ಊರಿನಲ್ಲಿ ಬೇರೆ ಮಾತೇ ಇರುವುದಿಲ್ಲ. ಎಸ್ಟೇಟ್ ಕೆಲಸ ಮುಗಿಸಿ ನೇರವಾಗಿ ಮೈದಾನಕ್ಕೆ ಬಂದವರು, ಅಂಗಡಿ ಅರ್ಧ ಬಾಗಿಲು ಹಾಕಿ ಬಂದವರು, ಎಲ್ಲರಿಗೂ ಆಟದ ಬಗ್ಗೆ ಒಂದು ಅಭಿಪ್ರಾಯ ಇರುತ್ತದೆ. ಹಾಗಾಗಿ ಆಫ್‌ಸೈಡ್ ಅಂದರೇನು ಅಂತ ವಿವರಿಸುವ ಕಷ್ಟ ನನಗಿಲ್ಲ.

ಇವತ್ತು ಗೆದ್ದವರ ಕಥೆ ಹೇಳುವುದಿಲ್ಲ. ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ 2022-23ರಲ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದ ಕಥೆ ಹೇಳುತ್ತೇನೆ. ಇದೇ ಕ್ಲಬ್ 2016ರಲ್ಲಿ ಲೀಗ್ ಗೆದ್ದಿತ್ತು. ಆ ಸೀಸನ್ನಿನ ಶುರುವಿನಲ್ಲಿ ಬೆಟ್ಟಿಂಗ್ ಅಂಗಡಿಗಳು ಲೆಸ್ಟರ್ ಗೆಲುವಿಗೆ ಒಂದಕ್ಕೆ 5000 ಕೊಡ್ತೀವಿ ಅಂದಿದ್ದವು. ಆ ಕಥೆ ನಿಮಗೆಲ್ಲ ಗೊತ್ತು. ಅದಾಗಿ ಏಳೇ ವರ್ಷಕ್ಕೆ ಆದದ್ದು ಯಾಕೋ ಜಾಸ್ತಿ ಜನರ ಬಾಯಲ್ಲಿ ಇಲ್ಲ. ನನಗೆ ಮಾತ್ರ ಗೆದ್ದ ಕಥೆಗಿಂತ ಇಳಿದ ಕಥೆಯಲ್ಲೇ ಕಲಿಯೋದು ಜಾಸ್ತಿ ಇದೆ ಅನ್ನಿಸುತ್ತದೆ.

ಮೊದಲು ಒಂದು ವ್ಯತ್ಯಾಸ. ನಮ್ಮಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಇದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳು ಆಡಿದವು. ಅಲ್ಲಿ ಸೋತವರು ಅವತ್ತೇ ಹೊರಗೆ. ಆದರೆ ಮುಂದಿನ ವರ್ಷ ಅದೇ ಕುಟುಂಬ ಅದೇ ಹೆಸರಿನಲ್ಲಿ ಮತ್ತೆ ಬರುತ್ತದೆ. ‘ನೀವು ಹೋದ ಸಲ ಮೊದಲ ಸುತ್ತಿನಲ್ಲೇ ಸೋತಿರಿ, ಈ ಸಲ ಬೇಡ’ ಅಂತ ಯಾರೂ ಹೇಳುವುದಿಲ್ಲ. ಹೇಳಿದರೆ ಮೈದಾನದಲ್ಲೇ ಜಗಳ ಆಗುತ್ತದೆ!

ಇಂಗ್ಲೆಂಡಿನ ಲೀಗ್‌ನಲ್ಲಿ ಹಾಗಲ್ಲ. 20 ತಂಡ, ಪ್ರತಿಯೊಂದಕ್ಕೂ 38 ಪಂದ್ಯ. ಒಂದು ಸೋಲಿಗೆ ಯಾರೂ ಹೊರಗೆ ಹೋಗುವುದಿಲ್ಲ, ಹತ್ತು ಸೋತರೂ ಹೋಗುವುದಿಲ್ಲ. ಆದರೆ ಮೇ ತಿಂಗಳ ಕೊನೆಗೆ ಟೇಬಲ್‌ನ ಕೊನೆಯ ಮೂರು ಸಾಲಿನಲ್ಲಿದ್ದವರು ಚಾಂಪಿಯನ್‌ಶಿಪ್ ಅನ್ನುವ ಕೆಳಗಿನ ಲೀಗ್‌ಗೆ ಹೋಗಬೇಕು. ಮರಳಿ ಬರಬೇಕಾದರೆ ಅಲ್ಲಿ 46 ಪಂದ್ಯ ಆಡಿ, ಗೆದ್ದು ಬರಬೇಕು. ಟಿವಿಯ ದುಡ್ಡು ದಡಕ್ಕನೆ ಇಳಿಯುತ್ತದೆ. ಒಳ್ಳೆಯ ಆಟಗಾರರನ್ನು ಮಾರಲೇಬೇಕಾಗುತ್ತದೆ. ಕೊಳ್ಳುವವರಿಗೂ ಅದು ಗೊತ್ತು.

ಈಗ ಕಥೆಗೆ ಬರೋಣ. ಲೆಸ್ಟರ್ ಕೆಳಗಿಳಿದದ್ದು 2023ರ ಮೇ 28ರಂದು. ಆದರೆ ನನ್ನನ್ನು ಕೇಳಿದರೆ ಅದು ಶುರುವಾದದ್ದು ತಂಡ ಚೆನ್ನಾಗಿ ಆಡುತ್ತಿದ್ದಾಗ. 2019-20ರಲ್ಲಿ ಬ್ರೆಂಡನ್ ರಾಜರ್ಸ್ ಕೋಚ್. ಸೀಸನ್ನಿನ ಬಹುಪಾಲು ತಂಡ ಮೊದಲ ನಾಲ್ಕರಲ್ಲೇ ಇತ್ತು. ಮೊದಲ ನಾಲ್ಕರಲ್ಲಿ ಮುಗಿಸಿದರೆ ಯುರೋಪಿನ ದೊಡ್ಡ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗ್, ಅಂದರೆ ಕೋಟಿಗಟ್ಟಲೆ ದುಡ್ಡು. ಕೊನೆಯ ದಿನ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 0-2 ಸೋತರು. ಐದನೇ ಸ್ಥಾನ. ಮರುವರ್ಷ ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್ ಗೆದ್ದರು, ಕ್ಲಬ್ಬಿನ ಚರಿತ್ರೆಯಲ್ಲೇ ಮೊದಲ ಸಲ. ಲೀಗ್‌ನಲ್ಲಿ ಮಾತ್ರ ಕೊನೆಯ ದಿನ ಟಾಟನ್‌ಹ್ಯಾಮ್ ಎದುರು 2-4 ಸೋಲು. ಮತ್ತೆ ಐದನೇ ಸ್ಥಾನ.

ಐದನೇ ಸ್ಥಾನ ಅವಮಾನವೇನೂ ಅಲ್ಲ. ತೊಂದರೆ ಇದ್ದದ್ದು ಲೆಕ್ಕದ ಪುಸ್ತಕದಲ್ಲಿ. ಸಂಬಳ ಚಾಂಪಿಯನ್ಸ್ ಲೀಗ್ ಆಡುವ ತಂಡದ್ದು, ಬಂದ ದುಡ್ಡು ಐದನೇ ಸ್ಥಾನದ್ದು. ಇದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ರೇಟು ಏರಿದಾಗ, ಇನ್ನು ಮುಂದೆ ಇದೇ ರೇಟು ಅಂದುಕೊಂಡು ಸಾಲ ಮಾಡಿದವರು ಇಲ್ಲೇ ಇದ್ದಾರೆ. 2000ದ ಹೊತ್ತಿಗೆ ರೇಟು ನೆಲಕ್ಕೆ ಬಿತ್ತು, ಸಾಲ ಮಾತ್ರ ಹಾಗೇ ನಿಂತಿತು. ಲೆಸ್ಟರ್‌ನವರದ್ದೂ ಅದೇ ಲೆಕ್ಕಾಚಾರ.

ಅದರ ಮೇಲೆ ಕೊರೊನಾ. ಕ್ಲಬ್ಬಿನ ಮಾಲೀಕರು ಥಾಯ್ಲೆಂಡಿನ ಕಿಂಗ್ ಪವರ್ ಕಂಪನಿಯವರು. ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಗಳೇ ಅವರ ವ್ಯಾಪಾರ. ವಿಮಾನ ಹಾರದಿದ್ದರೆ ಅಂಗಡಿಗೆ ಯಾರು ಬರುತ್ತಾರೆ? ಕ್ಲಬ್ಬನ್ನು ಕೊಂಡು ಬೆಳೆಸಿದ ಮಾಲೀಕ ವಿಚಾಯ್ ಶ್ರೀವದ್ಧನಪ್ರಭ 2018ರ ಅಕ್ಟೋಬರ್‌ನಲ್ಲಿ ಸ್ಟೇಡಿಯಂ ಪಕ್ಕದಲ್ಲೇ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡಿದ್ದರು. ಜವಾಬ್ದಾರಿ ಮಗನ ಮೇಲಿತ್ತು. 2021-22ರಲ್ಲಿ ತಂಡ ಎಂಟನೇ ಸ್ಥಾನದಲ್ಲಿ ಮುಗಿಸಿತು. ಆ ವರ್ಷದ ನಷ್ಟ 9 ಕೋಟಿ 25 ಲಕ್ಷ ಪೌಂಡ್.

ಹೀಗಾಗಿ 2022ರ ಬೇಸಿಗೆಯಲ್ಲಿ ಕೊಳ್ಳಲು ದುಡ್ಡಿಲ್ಲ. ಹನ್ನೊಂದು ವರ್ಷ ಗೋಲು ಕಾದ ಕ್ಯಾಸ್ಪರ್ ಶ್ಮೈಕಲ್ ಫ್ರಾನ್ಸಿನ ನೀಸ್ ತಂಡಕ್ಕೆ ಹೋದರು. ಅವರ ಜಾಗಕ್ಕೆ ಹೊಸ ಗೋಲ್‌ಕೀಪರನ್ನು ದುಡ್ಡು ಕೊಟ್ಟು ತರಲಿಲ್ಲ. ಬೆಂಚಿನಲ್ಲಿದ್ದ ಡ್ಯಾನಿ ವಾರ್ಡ್ ಕೈಗೇ ಗ್ಲೌಸ್ ಕೊಟ್ಟರು. ಒಳ್ಳೆಯ ಡಿಫೆಂಡರ್ ವೆಸ್ಲಿ ಫೊಫಾನಾ ಸುಮಾರು 7 ಕೋಟಿ ಪೌಂಡ್‌ಗೆ ಚೆಲ್ಸಿಗೆ ಹೋದ. ಅವನ ಬದಲಿಗೆ ವೌಟ್ ಫಾಸ್ ಬಂದದ್ದು ಆಟಗಾರರನ್ನು ಕೊಳ್ಳುವ ಮಾರುಕಟ್ಟೆ ಬಾಗಿಲು ಹಾಕುವ ಹೊತ್ತಿಗೆ. ಯೂರಿ ಟೀಲೆಮನ್ಸ್ ಅಂಥ ಆಟಗಾರನ ಒಪ್ಪಂದ ಕೊನೆಯ ವರ್ಷಕ್ಕೆ ಬಂದಿತ್ತು. ಅವನು ಸಹಿ ಹಾಕಲಿಲ್ಲ, ಕ್ಲಬ್ ಮಾರಲೂ ಇಲ್ಲ. ಮುಂದಿನ ವರ್ಷ ಬಿಡಿಗಾಸೂ ಕೊಡಿಸದೆ ಆಸ್ಟನ್ ವಿಲ್ಲಾಕ್ಕೆ ಹೋದ.

ಇಷ್ಟಾದರೂ ಯಾರಿಗೂ ಭಯ ಇರಲಿಲ್ಲ. ಇದು ನನಗೆ ಬಹಳ ಮುಖ್ಯ ಅನ್ನಿಸುವ ಮಾತು. ಮ್ಯಾಡಿಸನ್ ಇದ್ದಾನೆ, ಬಾರ್ನ್ಸ್ ಇದ್ದಾನೆ, ವಾರ್ಡಿ ಇದ್ದಾನೆ, ಇಂಥ ತಂಡ ಕೆಳಗೆ ಹೋಗೋದುಂಟಾ ಅಂತ ಎಲ್ಲರೂ ಅಂದುಕೊಂಡರು. ಅಭಿಮಾನಿಗಳು ಅಂದುಕೊಳ್ಳಲಿ, ಪರವಾಗಿಲ್ಲ. ಕ್ಲಬ್ ನಡೆಸುವವರೂ ಅಂದುಕೊಂಡರು ಅಂತ ಕಾಣುತ್ತದೆ.

ಮೊದಲ ಪಂದ್ಯ ಬ್ರೆಂಟ್‌ಫರ್ಡ್ ಜೊತೆ. 2-0 ಮುಂದಿದ್ದು 2-2 ಆಯಿತು. ಆಮೇಲೆ ಸಾಲಾಗಿ ಆರು ಸೋಲು. ಬ್ರೈಟನ್ ಐದು ಹೊಡೆಯಿತು, ಟಾಟನ್‌ಹ್ಯಾಮ್ ಆರು ಹೊಡೆಯಿತು. ಏಳು ಪಂದ್ಯಕ್ಕೆ ಒಂದೇ ಪಾಯಿಂಟ್. ಕೋಚನ್ನು ಬದಲಿಸಲಿಲ್ಲ. ಅಕ್ಟೋಬರ್‌ನಿಂದ ಸ್ವಲ್ಪ ಸುಧಾರಿಸಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮೇಲೆ 4-0, ವುಲ್ವ್ಸ್ ಮೇಲೆ 4-0. ಕತಾರ್ ವಿಶ್ವಕಪ್‌ಗೆ ಲೀಗ್ ನಿಂತಾಗ ತಂಡ 13ನೇ ಸ್ಥಾನದಲ್ಲಿತ್ತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆ ಸುಧಾರಣೆಯೇ ಅವರಿಗೆ ಕೆಟ್ಟದ್ದು ಮಾಡಿತು ಅಂತ ನನಗನ್ನಿಸುತ್ತದೆ. ಜ್ವರ ಇಳಿಯಿತು ಅಂತ ಔಷಧಿ ಬಿಟ್ಟರು.

ಫೆಬ್ರವರಿಯಲ್ಲಿ ಆಸ್ಟನ್ ವಿಲ್ಲಾ ಮೇಲೆ 4-2, ಟಾಟನ್‌ಹ್ಯಾಮ್ ಮೇಲೆ 4-1 ಗೆದ್ದರು. ನಾಲ್ಕು ನಾಲ್ಕು ಗೋಲು! ಆಮೇಲೆ ಎರಡು ತಿಂಗಳು ಗೆಲುವೇ ಇಲ್ಲ. ಏಪ್ರಿಲ್ 1ರಂದು ಕ್ರಿಸ್ಟಲ್ ಪ್ಯಾಲೆಸ್ ಎದುರು ಕೊನೆಯ ಗಳಿಗೆಯ ಗೋಲಿಗೆ ಸೋತು, ಮರುದಿನ ರಾಜರ್ಸ್ ಹೊರಗೆ. ಡೀನ್ ಸ್ಮಿತ್ ಬಂದಾಗ ಉಳಿದದ್ದು ಎಂಟೇ ಪಂದ್ಯ. ಆ ಎಂಟರಲ್ಲಿ 9 ಪಾಯಿಂಟ್ ತಂದರು. ಅದಕ್ಕಿಂತ ಜಾಸ್ತಿ ಬೇಕಿತ್ತು.

ಇನ್ನು ಆ ಪೆನಾಲ್ಟಿಯ ವಿಷಯ. ಇದನ್ನು ಬಿಟ್ಟರೆ ಹಿಂದಿನ ಸಾಲಿನವರು ನನ್ನನ್ನು ಬಿಡುವುದಿಲ್ಲ. ಮೇ 1, ಎವರ್ಟನ್ ಜೊತೆ ಪಂದ್ಯ. ಎರಡೂ ಮುಳುಗುವ ಅಂಚಿನಲ್ಲಿರುವ ತಂಡಗಳು. ಲೆಸ್ಟರ್ 2-1 ಮುಂದಿದೆ. ಮಧ್ಯಂತರಕ್ಕೆ ಸ್ವಲ್ಪ ಮೊದಲು ಪೆನಾಲ್ಟಿ ಸಿಕ್ಕಿತು. ಮ್ಯಾಡಿಸನ್ ಗೋಲಿನ ನಡುವಿಗೇ ಹೊಡೆದ. ಎವರ್ಟನ್ ಗೋಲ್‌ಕೀಪರ್ ಪಿಕ್‌ಫರ್ಡ್ ಅತ್ತಿತ್ತ ಹಾರದೆ ನಿಂತಲ್ಲೇ ನಿಂತು ತಡೆದ. 3-1 ಆಗಬೇಕಾದದ್ದು ಕೊನೆಗೆ 2-2 ಆಯಿತು. ಗೆಲುವಿಗೆ ಮೂರು ಪಾಯಿಂಟ್, ಡ್ರಾಗೆ ಒಂದು. ಈಗ ಕೂಡಿಸಿ ಕಳೆದು ನೋಡಿ. ಸೀಸನ್ ಮುಗಿದಾಗ ಎವರ್ಟನ್ 36, ಲೆಸ್ಟರ್ 34. ಅವತ್ತು ಲೆಸ್ಟರ್ ಗೆದ್ದಿದ್ದರೆ ಲೆಸ್ಟರ್ 36, ಎವರ್ಟನ್ 35. 1954ರಿಂದ ಮೇಲಿನ ಲೀಗ್ ಬಿಟ್ಟು ಕದಲದ ಎವರ್ಟನ್ ಕೆಳಗೆ ಹೋಗುತ್ತಿತ್ತು.

ಈ ಲೆಕ್ಕ ನೋಡಿ ‘ಮ್ಯಾಡಿಸನ್ ತಂಡವನ್ನು ಮುಳುಗಿಸಿದ’ ಅಂತ ಹೇಳುವವರನ್ನು ನಾನು ಒಪ್ಪುವುದಿಲ್ಲ. ಆ ಸೀಸನ್‌ನಲ್ಲಿ ಅವನು 10 ಗೋಲು ಹೊಡೆದಿದ್ದಾನೆ. ಬಾರ್ನ್ಸ್ 13 ಹೊಡೆದಿದ್ದಾನೆ. ಇಡೀ ತಂಡದ್ದು 51. ಉಳಿದುಕೊಂಡ ಎವರ್ಟನ್ ಹೊಡೆದದ್ದು 34. ವುಲ್ವ್ಸ್ 31. ಅಷ್ಟೇ ಏಕೆ, 12ನೇ ಸ್ಥಾನದಲ್ಲಿ ಮುಗಿಸಿದ ಚೆಲ್ಸಿ ಹೊಡೆದದ್ದು ಬರೀ 38. ಲೆಸ್ಟರ್ ಬಿಟ್ಟುಕೊಟ್ಟದ್ದು 68. ಮುಂದೆ ಹೊಡೆದದ್ದನ್ನೆಲ್ಲ ಹಿಂದಿನವರು ಕಳೆದರು. ಹಿಂದಿನವರನ್ನಾದರೂ ಬೈಯುವುದು ಹೇಗೆ? ಶ್ಮೈಕಲ್ ಹೋದ, ಫೊಫಾನಾ ಹೋದ, ಬದಲಿಗೆ ಬಂದವರು ಎಷ್ಟು ಜನ? ಗೋಲ್‌ಕೀಪರ್ ತಪ್ಪು ಮಾಡಿದಾಗ ಎಲ್ಲರಿಗೂ ಕಾಣುತ್ತದೆ. ಗೋಲ್‌ಕೀಪರನ್ನು ಕೊಳ್ಳದೇ ಬಿಟ್ಟ ತಪ್ಪು ಯಾವ ಹೈಲೈಟ್ಸ್‌ನಲ್ಲೂ ಬರುವುದಿಲ್ಲ.

ಕೊನೆಗೆ ಆ ಮೇ 28. ನಮ್ಮಲ್ಲಿ ಆಗ ಭಾನುವಾರ ರಾತ್ರಿ 9 ಗಂಟೆ. ಹಿಂದಿನ ವಾರ ನ್ಯೂಕಾಸಲ್‌ನಲ್ಲಿ ಸ್ಮಿತ್ ಅವರು ಮ್ಯಾಡಿಸನ್, ಬಾರ್ನ್ಸ್ ಇಬ್ಬರನ್ನೂ ಬೆಂಚಿನಲ್ಲಿ ಕೂರಿಸಿ ಗೋಡೆ ಕಟ್ಟಿ 0-0 ಮಾಡಿಕೊಂಡಿದ್ದರು. ಈಗ ಲೆಸ್ಟರ್ ವೆಸ್ಟ್ ಹ್ಯಾಮ್ ವಿರುದ್ಧ ಗೆಲ್ಲಬೇಕು, ಅತ್ತ ಎವರ್ಟನ್ ಬೋರ್ನ್‌ಮತ್ ವಿರುದ್ಧ ಗೆಲ್ಲಬಾರದು. 34ನೇ ನಿಮಿಷಕ್ಕೆ ಬಾರ್ನ್ಸ್ ಗೋಲು. ಆ ಕ್ಷಣಕ್ಕೆ ಟೇಬಲ್ ತಿರುಗಿತು. ಲೆಸ್ಟರ್ 17ನೇ ಸ್ಥಾನಕ್ಕೆ ಬಂತು, ಎವರ್ಟನ್ ಕೆಳಗೆ ಜಾರಿತು. ಮಧ್ಯಂತರದ ಚಹಾ ಕುಡಿಯುವಾಗಲೂ ಲೆಸ್ಟರ್ ಪ್ರೀಮಿಯರ್ ಲೀಗ್‌ನಲ್ಲೇ ಇತ್ತು. 57ನೇ ನಿಮಿಷಕ್ಕೆ ಅತ್ತ ಲಿವರ್‌ಪೂಲ್ ನಗರದಲ್ಲಿ ಎವರ್ಟನ್‌ನ ಡೂಕುರೆ ದೂರದಿಂದ ಒಂದು ಹೊಡೆದ. ಅಷ್ಟೇ. ಲೆಸ್ಟರ್ ಇನ್ನೊಂದು ಗೋಲು ಹೊಡೆಯಿತು, 2-1 ಗೆದ್ದಿತು. ಎವರ್ಟನ್ ಕೂಡ 1-0 ಗೆದ್ದಿತು. ತಮ್ಮ ಕೆಲಸ ಮಾಡಿ ಮುಗಿಸಿದ ಆಟಗಾರರು ಮೈದಾನದಲ್ಲೇ ಇನ್ನೊಬ್ಬರ ಪಂದ್ಯ ಮುಗಿಯೋದಕ್ಕೆ ಕಾಯಬೇಕಾಗಿ ಬಂದದ್ದು, ಅದಕ್ಕೆ ಮೊದಲು ತಮ್ಮ ಕೈಲಿದ್ದ 37 ಪಂದ್ಯಗಳನ್ನು ಬಿಟ್ಟುಕೊಂಡದ್ದರಿಂದ. ಲೀಡ್ಸ್ ಮತ್ತು ಸೌತಾಂಪ್ಟನ್ ಕೂಡ ಆ ವರ್ಷ ಇಳಿದವು. ಅವುಗಳ ಕಥೆ ಬೇರೆ, ಇವತ್ತು ಬೇಡ.

ಮ್ಯಾಡಿಸನ್ ಟಾಟನ್‌ಹ್ಯಾಮ್‌ಗೆ ಹೋದ, ಬಾರ್ನ್ಸ್ ನ್ಯೂಕಾಸಲ್‌ಗೆ. ಇಲ್ಲೊಂದು ತಮಾಷೆ ಇದೆ. ಆಗ ಪ್ರೀಮಿಯರ್ ಲೀಗ್‌ನಲ್ಲಿ ಮೂರು ವರ್ಷಕ್ಕೆ 10.5 ಕೋಟಿ ಪೌಂಡ್‌ಗಿಂತ ಜಾಸ್ತಿ ನಷ್ಟ ತೋರಿಸುವಂತಿರಲಿಲ್ಲ. ಲೆಸ್ಟರ್ ಅದನ್ನು ಮೀರಿದೆ ಅಂತ ಕೇಸು ಆಯಿತು. ಮೇಲ್ಮನವಿಯಲ್ಲಿ ಕ್ಲಬ್ ಏನೆಂದು ವಾದಿಸಿತು ಗೊತ್ತಾ? ನಮ್ಮ ಲೆಕ್ಕದ ವರ್ಷ ಮುಗಿಯುವುದು ಜೂನ್ 30ಕ್ಕೆ. ಅಷ್ಟರಲ್ಲಿ ನಾವು ಕೆಳಗಿಳಿದು ಆಗಿತ್ತು, ಹಾಗಾಗಿ ನಾವು ನಿಮ್ಮ ಸದಸ್ಯರೇ ಅಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಆ ವಾದ ಗೆದ್ದಿತು. ಡಿಫೆನ್ಸ್ ಅಂದರೆ ಇದು. ಮೈದಾನದಲ್ಲಿ ಇರಬೇಕಿತ್ತು ಅಷ್ಟೆ.

ಮುಂದಿನ ವರ್ಷ ಎಂಜೊ ಮರೆಸ್ಕಾ ಕೋಚ್ ಆಗಿ 97 ಪಾಯಿಂಟ್ ಗಳಿಸಿ ಚಾಂಪಿಯನ್‌ಶಿಪ್ ಗೆದ್ದು ವಾಪಸ್ ಬಂದರು. ಮರೆಸ್ಕಾ ಚೆಲ್ಸಿಗೆ ಹೋದರು. 2024-25ರಲ್ಲಿ ಲೆಸ್ಟರ್ ಮತ್ತೆ ಕೆಳಗೆ, ಈ ಸಲ ಬರೀ 25 ಪಾಯಿಂಟ್. ಒಂದು ಹಂತದಲ್ಲಿ ತವರಿನಲ್ಲಿ ಸಾಲಾಗಿ ಒಂಬತ್ತು ಪಂದ್ಯ ಒಂದು ಗೋಲೂ ಇಲ್ಲ. ಮೊದಲ ಸಲ ಇಳಿದಾಗ ಗೋಲು ಹೊಡೆಯುವವರಾದರೂ ಇದ್ದರು. ಈ ಸಲ ಅವರೂ ಇರಲಿಲ್ಲ.

ಇದೆಲ್ಲ ಇಂಗ್ಲೆಂಡಿನದ್ದು, ನಮಗೇನು ಅಂತ ಕೇಳಬಹುದು. ಕೆಳಗಿಳಿಯುವ ನಿಯಮ ನಮ್ಮ ದೇಶದಲ್ಲೂ ಇತ್ತು. ಪಂಜಾಬಿನ ಜೆಸಿಟಿ 1996-97ರಲ್ಲಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ತಂಡ. 2011ರಲ್ಲಿ, ಅದೇ ಲೀಗ್‌ನ ಮುಂದಿನ ರೂಪವಾದ ಐ-ಲೀಗ್‌ನಿಂದ ಇಳಿಯಿತು. ಕೆಲವೇ ವಾರಗಳಲ್ಲಿ ಕಂಪನಿ ತಂಡವನ್ನೇ ಮುಚ್ಚಿತು. ಮರುವರ್ಷ ನಮ್ಮ ಬೆಂಗಳೂರಿನ ಎಚ್‌ಎಎಲ್ ಇಳಿಯಿತು. ಆಮೇಲೆ ಬಂದ ಐಎಸ್‌ಎಲ್‌ನಲ್ಲಿ, ಅಂದರೆ ಇಂಡಿಯನ್ ಸೂಪರ್ ಲೀಗ್‌ನಲ್ಲಿ, ಮೊದಲ ಹತ್ತು ವರ್ಷ ಯಾರೂ ಇಳಿಯುವ ಹಾಗೇ ಇರಲಿಲ್ಲ. ಕೊನೆಯ ಸ್ಥಾನಕ್ಕೂ ಮುಂದಿನ ವರ್ಷದ ಸೀಟು ಖಾಯಂ.

ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಇಳಿಯುವ ಭಯ ಇರಬೇಕು. ಇಲ್ಲದಿದ್ದರೆ ಫೆಬ್ರವರಿಯಲ್ಲಿ ಆಡುವ ಪಂದ್ಯಕ್ಕೆ ಅರ್ಥವೇ ಇರುವುದಿಲ್ಲ, ಕೆಳಗಿನ ಲೀಗ್‌ನಲ್ಲಿ ಬೆವರು ಸುರಿಸುವ ಹುಡುಗನಿಗೆ ಮೇಲೆ ಹೋಗುವ ದಾರಿಯೂ ಇರುವುದಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಇಳಿದ ಕ್ಲಬ್‌ಗೆ ಗರಿಷ್ಠ ಮೂರು ವರ್ಷ ಲೀಗೇ ದುಡ್ಡು ಕೊಡುತ್ತದೆ. ಎಲ್ಲ ಕ್ಲಬ್‌ಗಳಿಗೂ ಸಮನಾಗಿ ಹಂಚುವ ಟಿವಿ ದುಡ್ಡಿನ ಒಂದು ಪಾಲಿನಲ್ಲಿ ಮೊದಲ ವರ್ಷ 55 ಶೇಕಡಾ, ಆಮೇಲೆ 45, ಆಮೇಲೆ 20. ಅದಿಲ್ಲದೆ ಬರೀ ಭಯವನ್ನು ಮಾತ್ರ ತಂದರೆ ನಮ್ಮಲ್ಲಿ ತಂಡ ಇಳಿಯುವುದಿಲ್ಲ, ಜೆಸಿಟಿ ಥರ ಮುಚ್ಚಿಹೋಗುತ್ತದೆ. ಅದರಲ್ಲಿ ಆಡುತ್ತಿದ್ದವರ ಕೆಲಸವೂ ಹೋಗುತ್ತದೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ. ಎವರ್ಟನ್ ಕಡೆಯವರು ಯಾರಾದರೂ ಇದ್ದರೆ ಮೊದಲು ಅವರೇ ಎದ್ದು ನಿಲ್ಲಲಿ.