ಮಾವನ ನೋಟ್‌ಬುಕ್ ಮತ್ತು 0ಎಕ್ಸ್33

ನಮಸ್ಕಾರ. ಉಡುಪಿಯಲ್ಲಿ ಬೆಳಿಗ್ಗೆಯಿಂದ ಜೋರು ಮಳೆ. ಹೊರಗೆ ಶೂಟ್ ಮಾಡುವ ಹಾಗಿಲ್ಲ. ಕುಂಜಿಬೆಟ್ಟಿನಲ್ಲಿ ಮಾವನ ಮನೆ ಚಾವಡಿಯಲ್ಲೇ ಕೂತಿದ್ದೇನೆ.

ಈ ನೋಟ್‌ಬುಕ್ ನೋಡಿ. ಅಟ್ಟದಲ್ಲಿ ಸಿಕ್ಕಿತು. ಮಾವ ಟರ್ಬೊ ಸಿ ಕಲಿಯುವಾಗ ಬರೆದದ್ದು. ಅದು ಹಳೆಯ ಡಾಸ್ ಆಪರೇಟಿಂಗ್ ಸಿಸ್ಟಂನಲ್ಲಿ ಸಿ ಭಾಷೆಯ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್. ಅಂಚಿಗೆ ಗೆದ್ದಲು ತಾಗಿದೆ, ನೀಲಿ ಶಾಯಿ ಮಾತ್ರ ಹಾಗೇ ಇದೆ. ಈ ಪುಟದ ತುಂಬಾ ಒಂದೇ ಫಂಕ್ಷನ್: ಇಂಟ್86. ಇದರ ಕೆಲಸ ಇಂಟರಪ್ಟ್ ಕರೆಯುವುದು, ಅಂದರೆ ಮೊದಲೇ ಸಿದ್ಧವಿರುವ ಕೋಡನ್ನು ಅದರ ನಂಬರ್ ಹೇಳಿ ಓಡಿಸುವುದು.

ಡಾಸ್.ಎಚ್ ಹೆಡರ್‌ನಲ್ಲಿ ರೆಗ್ಸ್ ಅನ್ನುವ ಯೂನಿಯನ್, ಅಂದರೆ ನಂಬರ್ ಇಡುವ ಖಾನೆಗಳ ಕಟ್ಟು, ಇತ್ತು. ಅದರ ಎಎಕ್ಸ್, ಬಿಎಕ್ಸ್ ಖಾನೆಗಳಿಗೆ (ಇವು ಪ್ರೊಸೆಸರಿನ ರಿಜಿಸ್ಟರುಗಳ ಹೆಸರು) ಬೇಕಾದ ನಂಬರ್ ತುಂಬಿಸಿ, ಇಂಟರಪ್ಟ್ ನಂಬರ್ ಜೊತೆ ಇಂಟ್86ಗೆ ಕೊಟ್ಟರೆ ಆಯ್ತು. ಮುಂದಿನದು ನನಗೆ ತುಂಬಾ ಇಷ್ಟ. ಮೆಮೊರಿಯ ಮೊದಲ 1024 ಬೈಟ್‌ನಲ್ಲಿ 256 ವಿಳಾಸಗಳು, ಒಂದೊಂದಕ್ಕೆ 4 ಬೈಟ್. ಪ್ರೊಸೆಸರ್ ಆ ನಂಬರಿನ ವಿಳಾಸ ನೋಡಿ ಅಲ್ಲಿಗೆ ಹಾರುತ್ತದೆ, ಕೆಲಸ ಮುಗಿಸಿ ವಾಪಸ್ ಬರುತ್ತದೆ. 1981ರ ಐಬಿಎಂ ಪಿಸಿಯಿಂದಲೂ ಇದೇ ಕ್ರಮ. ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ, 10 ಸ್ಕ್ರೀನಿಗೆ, 16 ಕೀಬೋರ್ಡಿಗೆ, 21 ಡಾಸ್‌ಗೆ, 33 ಮೌಸಿಗೆ.

ನಿನ್ನೆ ರಾತ್ರಿ ಲ್ಯಾಪ್‌ಟಾಪಿನಲ್ಲಿ ಹಳೆಯ ಡಾಸ್ ಪ್ರೋಗ್ರಾಂ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಮೌಸ್ ಪ್ರೋಗ್ರಾಂ ಟೈಪ್ ಮಾಡಿದೆ. ಎಎಕ್ಸ್‌ನಲ್ಲಿ 1, ಅಂದರೆ ಪಾಯಿಂಟರ್ ತೋರಿಸು. ರನ್ ಕೊಟ್ಟೆ. ಪಾಯಿಂಟರ್ ಇಲ್ಲ, ಪ್ರೋಗ್ರಾಂ ಅರ್ಧಕ್ಕೇ ನಿಂತುಹೋಯಿತು. ಹತ್ತು ಸಲ ನೋಡಿದರೂ ತಪ್ಪು ಕಾಣಲಿಲ್ಲ.

"ಮಾವ, ಇದೊಂದು ನೋಡ್ತೀರಾ?"

ಅವರು ಕನ್ನಡಕ ಹಾಕಿಕೊಂಡು ಬಂದರು. ಸ್ಕ್ರೀನ್ ಮೇಲೆ ಬೆರಳಿಟ್ಟು, "33ರ ಮುಂದೆ 0ಎಕ್ಸ್ ಎಲ್ಲಿ ಮಾರಾಯ?" ಅಂದರು.

0ಎಕ್ಸ್ ಅಂದರೆ ಹೆಕ್ಸ್ ನಂಬರಿನ ಗುರುತು. ಅದು ಇಲ್ಲದಿದ್ದರೆ ಸಿ ಆ 33ನ್ನು ಮಾಮೂಲಿ ಮೂವತ್ಮೂರು ಅಂತ ಓದುತ್ತದೆ. ಮಾಮೂಲಿ 33 ಅಂದರೆ ಹೆಕ್ಸ್‌ನಲ್ಲಿ 21. ನಾನು ಕರೆದದ್ದು ಮೌಸನ್ನಲ್ಲ, ಡಾಸನ್ನು! ಎಎಕ್ಸ್‌ನಲ್ಲಿ 1 ಇದ್ದಾಗ ಅದರ ಮೇಲಿನ ಅರ್ಧ, ಎಎಚ್, ಸೊನ್ನೆ. ಎಎಚ್ ಸೊನ್ನೆ ಅಂದರೆ ಡಾಸ್‌ಗೆ 'ಪ್ರೋಗ್ರಾಂ ಮುಗಿಸು' ಅಂತ ಅರ್ಥ. ಕಂಪೈಲರ್‌ಗೆ ಎರಡೂ ಬರೀ ನಂಬರ್, ಅಲ್ವಾ? ಒಂದು ವಾರ್ನಿಂಗ್ ಕೂಡ ಬರಲಿಲ್ಲ.

ತಿದ್ದಿ ಮತ್ತೆ ರನ್ ಕೊಟ್ಟೆ. ಕಪ್ಪು ಸ್ಕ್ರೀನ್ ಮೇಲೆ ಒಂದು ಅಕ್ಷರದಷ್ಟು ಪುಟ್ಟ ಚೌಕ ಬಂತು. ಮೌಸ್ ಸರಿಸಿದರೆ ಅದೂ ಸರಿಯಿತು. ಎಎಕ್ಸ್‌ಗೆ 3 ಕೊಟ್ಟು ಕರೆದರೆ ಅದು ಎಲ್ಲಿದೆ ಅಂತ ಸಿಎಕ್ಸ್, ಡಿಎಕ್ಸ್‌ನಲ್ಲಿ ಸಿಗುತ್ತದೆ. ಸಿಎಕ್ಸ್ 0, 8, 16 ಅಂತ ಎಂಟೆಂಟಾಗಿ ಏರುತ್ತದೆ, ಒಂದು ಅಕ್ಷರಕ್ಕೆ ಎಂಟು.

ಮಾವ ಕುರ್ಚಿ ಹತ್ತಿರ ಎಳೆದುಕೊಂಡರು. "ಎಡ ಬಟನ್ ಒತ್ತು. ಬಿಎಕ್ಸ್ 1 ಆಗ್ಬೇಕು."

ಒತ್ತಿದೆ. ಆಯ್ತು.